ಶಿರಾಳಕೊಪ್ಪದ ಲಾರಿಯೊಳಗಿನ ರುಡಾಲ್ಫ್ ಡೀಸೆಲ್

ಡೀಸೆಲ್ ಅಂದ್ರೆ ನಮಗೆ ಮೊದಲು ನೆನಪಾಗೋದು ಬಂಕಿನ ಬೋರ್ಡಿನ ಮೇಲಿರೋ ರೇಟು. ಆಮೇಲೆ ಥರ್ಮೋಡೈನಮಿಕ್ಸ್‌ನ ಡೀಸೆಲ್ ಸೈಕಲ್. ಪಿ-ವಿ ಡಯಾಗ್ರಮ್ ಬರೆದು, ಎಫಿಷಿಯೆನ್ಸಿ ಸೂತ್ರ ಡಿರೈವ್ ಮಾಡಿ, ಮಾರ್ಕ್ಸ್ ತಗೊಂಡು ಮುಂದೆ ಹೋಗ್ತೀವಿ. ಅದು ಒಬ್ಬ ಮನುಷ್ಯನ ಹೆಸರು, ಆತನಿಗೂ ಪರೀಕ್ಷೆ, ಮನೆ, ಸಾಲ ಎಲ್ಲ ಇತ್ತು ಅನ್ನೋದು ಪಠ್ಯದಲ್ಲಿ ಬರೋದಿಲ್ಲ.

ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಕಡೆ ಈ ಹೆಸರಿಗೆ ತೂಕ ಜಾಸ್ತಿ. ಅಲ್ಲಿ ರೈಲು ಇಲ್ಲ. ಮೆಕ್ಕೆಜೋಳ, ಶುಂಠಿ, ಅಡಿಕೆ, ಸೊರಬ ಕಡೆಯ ಅನಾನಸ್ ಎಲ್ಲ ಲಾರಿಯಲ್ಲೇ ಹೋಗಬೇಕು. ಶಿಕಾರಿಪುರ, ಹಿರೇಕೆರೂರು ರಸ್ತೆ ಒಂದು ಥರ. ಸಿರ್ಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ, ಮತ್ತೆ ಲೋಡ್ ತುಂಬ್ಕೊಂಡು ಹತ್ತೋದು ಇನ್ನೊಂದು ಥರ. ಒಟ್ಟು ತೂಕ ಹನ್ನೆರಡು ಟನ್ನಿನ ಮಧ್ಯಮ ಲಾರಿ ಕೊಳ್ಳೋ ಮನೆಗೆ ಇಂಜಿನ್ ಆಯ್ಕೆ ಅಂದ್ರೆ ಮುಂದಿನ ಐದಾರು ವರ್ಷ ಕಂತು ಕಟ್ಟೋ ಪ್ರಶ್ನೆ. ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿ ಇರೋದು ಹಾರ್ಸ್‌ಪವರ್. ಅದನ್ನ ನೋಡಿ ಆರಿಸಬಹುದಾ? ರುಡಾಲ್ಫ್ ಡೀಸೆಲ್‌ನ ಕಥೆಯಲ್ಲಿ ಇದಕ್ಕೊಂದು ಉತ್ತರ ಇದೆ.

ಆತ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನಿಯ ಬವೇರಿಯಾ ಕಡೆಯವರು. ಅಪ್ಪನಿಗೆ ಚರ್ಮದ ಸಾಮಾನು ಮಾಡೋ ಕೆಲಸ, ಸಣ್ಣ ವರ್ಕ್‌ಶಾಪ್. 1870ರಲ್ಲಿ ಫ್ರಾನ್ಸ್‌ಗೂ ಪ್ರಷ್ಯಾಗೂ ಯುದ್ಧ ಶುರುವಾದಾಗ ಜರ್ಮನ್ನರು ಪ್ಯಾರಿಸ್ ಬಿಡಬೇಕಾಯ್ತು. ಕುಟುಂಬ ಲಂಡನ್‌ಗೆ ಹೋಯ್ತು. ಹನ್ನೆರಡು ವರ್ಷದ ಹುಡುಗನನ್ನ ಓದೋಕೆ ಅಂತ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದ ಸಂಬಂಧಿಕರ ಮನೆಗೆ ಕಳಿಸಿದರು. ಅಲ್ಲಿಂದ ಮ್ಯೂನಿಕ್ ಪಾಲಿಟೆಕ್ನಿಕ್. 1879ರಲ್ಲಿ ಫೈನಲ್ ಪರೀಕ್ಷೆ ಹತ್ತಿರ ಬಂದಾಗ ಟೈಫಾಯ್ಡ್ ಬಂದು ಪರೀಕ್ಷೆ ತಪ್ಪಿಹೋಯ್ತು. ಕಾಯೋ ಹೊತ್ತಿನಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತ. 1880ರ ಜನವರಿಯಲ್ಲಿ ಪರೀಕ್ಷೆ ಬರೆದು ಅತ್ಯುತ್ತಮ ಅಂಕಗಳಲ್ಲಿ ಪಾಸಾದ.

ಮ್ಯೂನಿಕ್‌ನಲ್ಲಿ ಆತನಿಗೆ ಪಾಠ ಮಾಡಿದವರು ಕಾರ್ಲ್ ಫಾನ್ ಲಿಂಡೆ, ರೆಫ್ರಿಜರೇಷನ್ ಚಾಪ್ಟರ್‌ನಲ್ಲಿ ನಾವು ಓದೋ ಅದೇ ಲಿಂಡೆ. ಕಲ್ಲಿದ್ದಲಿನ ಶಾಖದಲ್ಲಿ ಸ್ಟೀಮ್ ಇಂಜಿನ್ ಕೆಲಸಕ್ಕೆ ತಿರುಗಿಸೋದು ನೂರರಲ್ಲಿ ಹತ್ತು ಪಾಲೂ ಇಲ್ಲ ಅನ್ನೋದು ಅವರ ಕ್ಲಾಸಿನಲ್ಲಿ ಬಂದ ವಿಷಯ. ಉಳಿದ ತೊಂಬತ್ತು ಪಾಲು ದಂಡ. ಈ ಲೆಕ್ಕ ಡೀಸೆಲ್ ತಲೆಯಲ್ಲಿ ಕೂತುಬಿಡ್ತು. ಲಿಂಡೆ ಅವರ ಕಂಪನಿಯಲ್ಲೇ ವರ್ಷಗಟ್ಟಲೆ ಐಸ್ ಮಷೀನ್ ಕೆಲಸ ಮಾಡಿದ, 1883ರಲ್ಲಿ ಮಾರ್ಥಾಳನ್ನ ಮದುವೆಯಾದ, ಮೂವರು ಮಕ್ಕಳಾದರು. ಆದರೂ ಈ ದಂಡದ ಲೆಕ್ಕ ಬಿಡಲಿಲ್ಲ.

ಕೊನೆಗೆ ಸಿಕ್ಕಿದ ದಾರಿ ಕೇಳೋಕೆ ಸುಲಭ. ಸಿಲಿಂಡರ್ ಒಳಗೆ ಬರೀ ಗಾಳಿ ಎಳ್ಕೋ. ಇಂಧನ ತಾನಾಗೇ ಹೊತ್ತಿಕೊಳ್ಳುವಷ್ಟು ಬಿಸಿಯಾಗೋವರೆಗೆ ಒತ್ತು. ಆಮೇಲೆ ಇಂಧನ ಬಿಡು. ಸ್ಪಾರ್ಕ್ ಪ್ಲಗ್ಗೇ ಬೇಡ. ಪೇಟೆಂಟ್ ಸಿಕ್ಕಿದ್ದು 1893ರಲ್ಲಿ. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ದುಡ್ಡು ಹಾಕಿದವು. ಅದೇ ಆಗಸ್ಟ್‌ನಲ್ಲಿ ಮೊದಲ ಟ್ರಯಲ್ ಮಾಡಿದಾಗ ಒತ್ತಡ ಅಳೆಯೋ ಇಂಡಿಕೇಟರ್ ಸಿಡಿದು ಚೂರಾಯ್ತು. 1894ರಲ್ಲಿ ಇಂಜಿನ್ ತನ್ನಷ್ಟಕ್ಕೆ ಓಡಿದ್ದು ಸುಮಾರು ಒಂದು ನಿಮಿಷ. ಪೇಟೆಂಟಿನಲ್ಲಿ ಅಂದುಕೊಂಡಿದ್ದ 250 ವಾಯುಭಾರದ ಒತ್ತಡವನ್ನೂ ತುಂಬ ಇಳಿಸಬೇಕಾಯ್ತು.

1897ರ ಫೆಬ್ರವರಿ 17ರಂದು ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಅಧಿಕೃತ ಪರೀಕ್ಷೆ ಮಾಡಿದರು. ಮೂರು ಮೀಟರ್ ಎತ್ತರ, ಒಂದೇ ಸಿಲಿಂಡರ್, ಬೋರ್ 250 ಮಿಮೀ, ಸ್ಟ್ರೋಕ್ 400 ಮಿಮೀ. ನಿಮಿಷಕ್ಕೆ 154 ಸುತ್ತು. ಪವರ್ ಸುಮಾರು 13 ಕಿಲೋವ್ಯಾಟ್, ಅಂದ್ರೆ 18 ಹಾರ್ಸ್‌ಪವರ್. ಎಫಿಷಿಯೆನ್ಸಿ 26.2 ಪರ್ಸೆಂಟ್. ಆಗ ಜಗತ್ತಿನಲ್ಲಿ ಇಷ್ಟು ಎಫಿಷಿಯೆನ್ಸಿಯ ಇನ್ನೊಂದು ಇಂಜಿನ್ ಇರಲಿಲ್ಲ.

ಕ್ಯಾಲ್ಕುಲೇಟರ್ ತಗೊಳ್ಳಿ. ಆ ಪವರ್‌ಗೆ, ಆ ವೇಗಕ್ಕೆ ಟಾರ್ಕ್ ಸುಮಾರು 800 ನ್ಯೂಟನ್ ಮೀಟರ್ ಬರುತ್ತೆ. ಇವತ್ತಿನ ಹನ್ನೆರಡು ಟನ್ ಲಾರಿಯ ಇಂಜಿನ್‌ಗೂ ಅಷ್ಟು ಟಾರ್ಕ್ ಇರೋದಿಲ್ಲ! ಹಾಗಂತ ಇದನ್ನ ಲಾರಿಗೆ ಹಾಕೋಕಾಗುತ್ತಾ? ಹನ್ನೆರಡು ಟನ್, ನೂರಕ್ಕೆ ಆರರ ಏರು ಅಂದ್ರೆ ಚಕ್ರದ ಘರ್ಷಣೆ ಸೇರಿ ಸುಮಾರು 8000 ನ್ಯೂಟನ್ ಎಳೆತ ಬೇಕು. ಗಂಟೆಗೆ 20 ಕಿಮೀ ವೇಗದಲ್ಲಿ ಹತ್ತೋಕೆ ಸುಮಾರು 45 ಕಿಲೋವ್ಯಾಟ್. 13 ಕಿಲೋವ್ಯಾಟ್‌ನಲ್ಲಿ ಎಂಥ ಗೇರ್ ಹಾಕಿದ್ರೂ ಸುಮಾರು 6 ಕಿಮೀ ವೇಗ, ಎಮ್ಮೆಯ ಹಿಂದೆ ಹೋದ ಹಾಗೆ. ಘಟ್ಟದಲ್ಲಿ ಎಷ್ಟು ಬೇಗ ಹತ್ತುತ್ತೆ ಅನ್ನೋದನ್ನ ಪವರ್ ಹೇಳುತ್ತೆ. ಎಷ್ಟು ಸಲ ಗೇರ್ ಇಳಿಸಬೇಕು ಅನ್ನೋದನ್ನ ಕಡಿಮೆ ಆರ್‌ಪಿಎಂನ ಟಾರ್ಕ್ ಹೇಳುತ್ತೆ. ಟ್ಯಾಂಕ್ ಎಷ್ಟು ದಿನ ಬರುತ್ತೆ ಅನ್ನೋದನ್ನ ಎಫಿಷಿಯೆನ್ಸಿ ಹೇಳುತ್ತೆ. ಮೂರನ್ನೂ ಬೇರೆ ಬೇರೆ ನೋಡಬೇಕು.

1898ರ ಹೊತ್ತಿಗೆ ಪೇಟೆಂಟ್ ಹಕ್ಕು ಮಾರಿ ಡೀಸೆಲ್ ಕೋಟ್ಯಧೀಶನಾದ. ಮ್ಯೂನಿಕ್‌ನಲ್ಲಿ ಬಂಗಲೆ ಎದ್ದಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಗ್ರ್ಯಾಂಡ್ ಪ್ರಿ ಬಂತು. ಅಲ್ಲಿದ್ದ ಒಂದು ಸಣ್ಣ ಡೀಸೆಲ್ ಇಂಜಿನ್ನು ಕಡ್ಲೆಕಾಯಿ ಎಣ್ಣೆಯಲ್ಲಿ ಓಡ್ತು. ಆದರೆ ಆತನ ಮೊದಲ ಆಸೆ ಬೇರೆ ಇತ್ತು. ದೊಡ್ಡ ಸ್ಟೀಮ್ ಇಂಜಿನ್ ಕೊಳ್ಳೋಕಾಗದ ಸಣ್ಣ ಕಸುಬುದಾರರು, ತನ್ನಪ್ಪನಂಥವರು, ಸಣ್ಣ ಇಂಜಿನ್ ಇಟ್ಕೊಂಡು ತಮ್ಮ ಕಾಲ ಮೇಲೆ ನಿಲ್ಲಬೇಕು ಅನ್ನೋದು. ಆಗಿದ್ದು ಉಲ್ಟಾ. ಇಂಧನ ಒಳಗೆ ತಳ್ಳೋಕೆ ಏರ್ ಕಂಪ್ರೆಸರ್ ಬೇಕಿತ್ತು, ಅದರಿಂದ ಇಂಜಿನ್ ಭಾರ. ಹಾಗಾಗಿ ದೊಡ್ಡ ಕಾರ್ಖಾನೆಗೆ, ಹಡಗಿಗೆ ಹೋಯ್ತು. 1908ರ ಸುಮಾರಿಗೆ ಲಾರಿಗೆ ಹೊಂದೋ ಸಣ್ಣ ಇಂಜಿನ್ನಿನ ಪ್ರಯತ್ನವನ್ನೂ ಮಾಡಿದ, ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ.

ಈ ನಡುವೆ ಪೇಟೆಂಟ್ ಜಗಳ, ಕೆಟ್ಟ ಆರೋಗ್ಯ, ಆಸ್ತಿ ವ್ಯವಹಾರದಲ್ಲಿ ಭಾರಿ ನಷ್ಟ. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಹಡಗು ಹತ್ತಿದ. ಊಟ ಮುಗಿಸಿ ಕ್ಯಾಬಿನ್‌ಗೆ ಹೋದ. ಬೆಳಿಗ್ಗೆ ಇರಲಿಲ್ಲ. ಕೆಲವು ದಿನ ಬಿಟ್ಟು ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವ ಸಿಕ್ಕಿತು. ಜೇಬಿನ ಸಾಮಾನು ನೋಡಿ ಮಗ ಗುರುತು ಹಿಡಿದ. ಏನಾಯ್ತು ಅನ್ನೋದು ಇವತ್ತಿಗೂ ತೀರ್ಮಾನವಾಗಿಲ್ಲ. ಮನೆಯವರಿಗೆ ಉಳಿದಿದ್ದು ಸಾಲ ಅನ್ನೋದು ಮಾತ್ರ ಖಚಿತ. ಆಗ ಆತನಿಗೆ 55 ವರ್ಷ.

ಲಾರಿಯ ಡೀಸೆಲ್ ಬಂದಿದ್ದು ಆತ ಹೋದ ಹತ್ತು ವರ್ಷಕ್ಕೆ. 1923ರಲ್ಲಿ ಬೆನ್ಜ್ ಕಂಪನಿ ಐದು ಟನ್ನಿನ ಲಾರಿಗೆ ಡೀಸೆಲ್ ಇಂಜಿನ್ ಕೂರಿಸಿತು, 1924ರಲ್ಲಿ ಎಂಎಎನ್ ತನ್ನ ಲಾರಿ ತೋರಿಸಿತು. ಈ ಎಂಎಎನ್ ಆಗ್ಸ್‌ಬರ್ಗ್‌ನ ಆ ಕಾರ್ಖಾನೆಯೇ ಸೇರಿ ಆದ ಕಂಪನಿ. 1927ರಲ್ಲಿ ಬಾಷ್ ಇಂಜೆಕ್ಷನ್ ಪಂಪ್ ಬಂದ್ಮೇಲೆ ಆ ಭಾರದ ಕಂಪ್ರೆಸರ್ ಕಾಟ ಪೂರ್ತಿ ತಪ್ಪಿತು. 1954ರಲ್ಲಿ ಟೆಲ್ಕೊ ಕಂಪನಿ ಡೈಮ್ಲರ್-ಬೆನ್ಜ್ ಜೊತೆ ಒಪ್ಪಂದ ಮಾಡಿಕೊಂಡು ಟಾಟಾ-ಮರ್ಸಿಡಿಸ್ ಲಾರಿ ನಮ್ಮ ರಸ್ತೆಗೆ ಬಂತು. ಗ್ಯಾರೇಜಿನಲ್ಲಿ ಕೇಳೋ 697, 497 ಅನ್ನೋ ಹೆಸರಿನ ಗುಟ್ಟು ಇಷ್ಟೇ: ಆರು ಅಥವಾ ನಾಲ್ಕು ಸಿಲಿಂಡರ್, 97 ಮಿಮೀ ಬೋರ್.

ಈಗ ಶಿರಾಳಕೊಪ್ಪಕ್ಕೆ ವಾಪಸ್. ಸಮತಟ್ಟು ರಸ್ತೆಯಲ್ಲಿ 60 ಕಿಮೀ ವೇಗಕ್ಕೆ ಅದೇ ಲಾರಿಗೆ ಸುಮಾರು 30 ಕಿಲೋವ್ಯಾಟ್ ಸಾಕು. ಹಿರೇಕೆರೂರು ಕಡೆಗೇ ಓಡೋ ಲಾರಿಗೆ ತೀರಾ ದೊಡ್ಡ ಇಂಜಿನ್ ಹಾಕಿದ್ರೆ ಅದು ಯಾವಾಗಲೂ ಅರೆ ಲೋಡಿನಲ್ಲಿ ಓಡುತ್ತೆ, ಎಫಿಷಿಯೆನ್ಸಿ ಬೀಳುತ್ತೆ. ಕುಮಟಾ ಕಡೆ ಹೋಗೋ ಲಾರಿಗೆ 1200ರಿಂದ 1800 ಆರ್‌ಪಿಎಂವರೆಗೆ ಟಾರ್ಕ್ ಬೀಳದೆ ನಿಲ್ಲೋ ಇಂಜಿನ್ ಬೇಕು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದಿದೆ. ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಸುಟ್ಟು ಶುದ್ಧವಾಗೋಕೆ ಇಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಹೊಲದಿಂದ ಮಂಡಿಗೆ ನಾಲ್ಕೈದು ಕಿಮೀ ಮಾತ್ರ ಓಡೋ ಲಾರಿಯಲ್ಲಿ ಆ ಬಿಸಿ ಬರೋದು ಕಷ್ಟ, ಫಿಲ್ಟರ್ ಕಟ್ಟಿಕೊಳ್ಳುತ್ತೆ. ಇನ್ನು ಸ್ಕ್ಯಾನರ್ ಹಾಕಿ ನೋಡೋ ಮೆಕ್ಯಾನಿಕ್ ಶಿಕಾರಿಪುರದಲ್ಲಿ ಸಿಗ್ತಾರಾ, ಇಲ್ಲ ಶಿವಮೊಗ್ಗಕ್ಕೇ ಹೋಗಬೇಕಾ ಅಂತಾನೂ ಕೇಳಬೇಕು. ಲಾರಿ ನಿಂತ ದಿನ ಬಾಡಿಗೆ ಇಲ್ಲ, ಕಂತು ಮಾತ್ರ ಇರುತ್ತೆ.

26.2 ಇದ್ದ ಎಫಿಷಿಯೆನ್ಸಿ ಈಗಿನ ಲಾರಿ ಇಂಜಿನ್‌ಗಳಲ್ಲಿ 40 ದಾಟಿದೆ. ಒಂದೇ ಲಾರಿ ಇಟ್ಕೊಂಡು, ತಾನೇ ಡ್ರೈವರ್ ಆಗಿ, ಸೀಸನ್ನಿನಲ್ಲಿ ಶುಂಠಿ ಹೊಡೆಯೋ ಮಾಲೀಕನೇ ಡೀಸೆಲ್ ಮನಸ್ಸಿನಲ್ಲಿಟ್ಟುಕೊಂಡಿದ್ದ ಸಣ್ಣ ಕಸುಬುದಾರ. ಮುಂದಿನ ಸಲ ಯಾರಾದ್ರೂ ಯಾವ ಇಂಜಿನ್ ಒಳ್ಳೇದು ಅಂತ ನಮ್ಮನ್ನ ಕೇಳಿದ್ರೆ, ಮೊದಲು ಯಾವ ರೋಡು, ಎಷ್ಟು ಲೋಡು ಅಂತ ಕೇಳೋಣ. ಹಾರ್ಸ್‌ಪವರ್ ಆಮೇಲೆ.