ಈಜುಗಾರ ಡ್ಯೂಕ್ ಕಹನಮೋಕು

ಹರಿಹರದ ತುಂಗಭದ್ರೆಯಂತಹ ಹೊಳೆಯಲ್ಲಿ ಈಜು ಕಲಿಯುವ ಬಾಲಕರಿಗೆ ನೀರೇ ಗುರು. 1890ರಲ್ಲಿ ಹವಾಯಿ ದ್ವೀಪಗಳ ಹೊನೊಲುಲುವಿನಲ್ಲಿ ಜನಿಸಿದ ಡ್ಯೂಕ್ ಕಹನಮೋಕು ಅವರಿಗೂ ಕಡಲೇ ಪಾಠಶಾಲೆಯಾಗಿತ್ತು.

ಮುಕ್ತ ಶೈಲಿಯ ಸ್ಪರ್ಧೆಯಲ್ಲಿ ಯಾವ ಬಗೆಯ ಈಜಾದರೂ ಸಲ್ಲುತ್ತದೆ. ಆದರೆ ಕ್ರಾಲ್ ಎಂಬ ಬಗೆಯೇ ಎಲ್ಲಕ್ಕಿಂತ ವೇಗವಾದುದರಿಂದ ಸ್ಪರ್ಧಿಗಳು ಅದನ್ನೇ ಆಯ್ದುಕೊಳ್ಳುತ್ತಾರೆ. ಇದರಲ್ಲಿ ದೇಹವನ್ನು ಬೋರಲಾಗಿ ನೇರವಾಗಿ ಚಾಚಿ, ಕೈಗಳನ್ನು ಒಂದಾದ ಮೇಲೊಂದರಂತೆ ಮುಂದಕ್ಕೆ ನೀಡಿ ನೀರನ್ನು ಹಿಂದಕ್ಕೆ ಸೆಳೆಯಬೇಕು. ಕಾಲುಗಳನ್ನು ಸೊಂಟದಿಂದಲೇ ಮೇಲಕ್ಕೂ ಕೆಳಕ್ಕೂ ಬಡಿಯಬೇಕು. ಮುಖವನ್ನು ಪಕ್ಕಕ್ಕೆ ಹೊರಳಿಸಿ ಉಸಿರೆಳೆಯಬೇಕು. ಕಾಲಿನ ಬಲವಾದ ಬಡಿತವೇ ಡ್ಯೂಕರ ವೈಶಿಷ್ಟ್ಯ.

1911ರಲ್ಲಿ ಹೊನೊಲುಲು ಬಂದರಿನಲ್ಲಿ ಅವರು 100 ಗಜಗಳನ್ನು 55.4 ಸೆಕೆಂಡುಗಳಲ್ಲಿ ಈಜಿ ಅಂದಿನ ವಿಶ್ವದಾಖಲೆಯನ್ನು ಮೀರಿಸಿದರು. ಅಮೆರಿಕದ ಕ್ರೀಡಾಧಿಕಾರಿಗಳು ನಂಬದೆ ಅದಕ್ಕೆ ಮನ್ನಣೆ ನಿರಾಕರಿಸಿದರು. ಮರುವರ್ಷವೇ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಡ್ಯೂಕ್ 100 ಮೀಟರ್ ಮುಕ್ತ ಶೈಲಿಯ ಚಿನ್ನದ ಪದಕ ಗೆದ್ದರು. ಮಹಾಯುದ್ಧದಿಂದಾಗಿ 1916ರ ಕೂಟ ನಡೆಯಲಿಲ್ಲ. 1920ರಲ್ಲಿ ಆಂಟ್‌ವರ್ಪ್‌ನಲ್ಲಿ ಅದೇ ಪದಕವನ್ನು ಮತ್ತೆ ಪಡೆದರು.

1925ರಲ್ಲಿ ಕ್ಯಾಲಿಫೋರ್ನಿಯಾದ ಕಡಲತಡಿಯಲ್ಲಿ ಮೀನುಗಾರಿಕೆಯ ದೋಣಿಯೊಂದು ಮಗುಚಿತು. ತೆರೆಗಳ ಮೇಲೆ ಸಾಗುವ ತಮ್ಮ ಹಲಗೆಯೊಡನೆ ಡ್ಯೂಕ್ ಮತ್ತೆ ಮತ್ತೆ ನೀರಿಗಿಳಿದು ಎಂಟು ಜನರನ್ನು ದಡ ಸೇರಿಸಿದರು. ಅಂದಿನ ಈಜನ್ನು ಅಳೆಯಲು ಗಡಿಯಾರವಿರಲಿಲ್ಲ; ಉಳಿದ ಜೀವಗಳೇ ಅದಕ್ಕೆ ಸಾಕ್ಷಿ. 1968ರಲ್ಲಿ ಅವರು ನಿಧನರಾದಾಗ ಚಿತಾಭಸ್ಮವನ್ನು ವೈಕಿಕಿಯ ಕಡಲಿನಲ್ಲಿಯೇ ವಿಸರ್ಜಿಸಲಾಯಿತು.