ಸಲಾಯಿನ್ ಬಾಟಲಿ ಎಲ್ಲಾ ಒಂದೇನಾ? ನಲ್ಲಿ ನೀರಿನಿಂದ ಪಾಠ ಕಲಿತ ಡಾ. ರಿಂಗರ್ ಕಥೆ

ಸುಸ್ತಾದರೆ ಒಂದು ಸಲಾಯಿನ್ ಹಚ್ಚಿಸಿಕೊಂಡರೆ ಶಕ್ತಿ ಬರುತ್ತದೆ, ಯಾವ ಬಾಟಲಿಯಾದರೂ ಒಂದೇ. ಕೆರೂರ, ಬಾದಾಮಿ, ಇಳಕಲ್ಲ ಕಡೆ ಮಾತ್ರವಲ್ಲ, ಎಲ್ಲ ಕಡೆಯೂ ಜನ ಹೀಗೇ ನಂಬಿದ್ದಾರೆ. ಎರಡೂ ತಪ್ಪು. ಆಸ್ಪತ್ರೆಯಲ್ಲಿ ಆರ್‌ಎಲ್ ಎಂಬ ಬಾಟಲಿ ನೋಡಿರುತ್ತೀರಿ. ಅದರಲ್ಲಿನ ಆರ್ ಒಬ್ಬ ಡಾಕ್ಟರ ಹೆಸರು.

ಯಾರು ಈ ರಿಂಗರ್?

ಸಿಡ್ನಿ ರಿಂಗರ್ ಇಂಗ್ಲೆಂಡಿನ ನಾರ್ವಿಚ್ ಊರಿನವರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಲಿತು, ಅದರದೇ ಆಸ್ಪತ್ರೆಯಲ್ಲಿ ವೈದ್ಯರಾದರು. 1869ರಲ್ಲಿ ಅವರು ಔಷಧಗಳ ಬಗ್ಗೆ ಬರೆದ ಪುಸ್ತಕ ಹಲವು ಬಾರಿ ಅಚ್ಚಾಯಿತು. ರೋಗಿಗಳನ್ನು ನೋಡುವುದರ ಜೊತೆಗೆ ಪ್ರಯೋಗಾಲಯದಲ್ಲೂ ದುಡಿಯುತ್ತಿದ್ದರು.

ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿಟ್ಟರೆ ಅದು ಬಡಿಯುತ್ತಲೇ ಇರುವುದನ್ನು ಕಂಡು, 1882ರಲ್ಲಿ ಅದರ ಬಗ್ಗೆ ಬರೆದರು. ಆಮೇಲೆ ಗೊತ್ತಾಯಿತು: ಸಹಾಯಕ ಬಳಸಿದ್ದು ಶುದ್ಧೀಕರಿಸಿದ ಭಟ್ಟಿ ನೀರಲ್ಲ, ಲಂಡನ್ನಿನ ನಲ್ಲಿ ನೀರು! ಭಟ್ಟಿ ನೀರಿನಲ್ಲಿ ಉಪ್ಪು ಬೆರೆಸಿ ನೋಡಿದರೆ ಹೃದಯ ಬೇಗ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು.

ರಿಂಗರ್ ತಪ್ಪು ಮುಚ್ಚಿಡಲಿಲ್ಲ. 1883ರಲ್ಲಿ ತಾವೇ ಅದನ್ನು ತಿದ್ದಿ ಪ್ರಕಟಿಸಿದರು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಹದವಾಗಿ ಬೆರೆತ ದ್ರವ ಹುಟ್ಟಿದ್ದು ಹೀಗೆ. 1910ರಲ್ಲಿ ಅವರು ತೀರಿಕೊಂಡರು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಇದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಅದೇ ಇಂದಿನ ರಿಂಗರ್ ಲ್ಯಾಕ್ಟೇಟ್, ಆರ್‌ಎಲ್.

ಸೆಪ್ಸಿಸ್‌ಗೆ ಯಾವುದು ಒಳ್ಳೆಯದು?

ಸೋಂಕಿನ ವಿರುದ್ಧ ದೇಹದ ಹೋರಾಟ ಹದ್ದುಮೀರಿ, ಸ್ವಂತ ಅಂಗಗಳನ್ನೇ ಕೆಡಿಸುವುದು ಸೆಪ್ಸಿಸ್. ಬಿಪಿ ಕುಸಿದಾಗ ಮೊದಲ ಗಂಟೆಗಳಲ್ಲಿ ದ್ರವ ಜೀವ ಉಳಿಸಬಹುದು. ಎನ್‌ಎಸ್ ಎಂಬ ಸಾಮಾನ್ಯ ಸಲಾಯಿನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇದ್ದು, ಕ್ಲೋರೈಡ್ ರಕ್ತಕ್ಕಿಂತ ಬಹಳ ಹೆಚ್ಚು. ಜಾಸ್ತಿ ಕೊಟ್ಟರೆ ರಕ್ತದ ಆಮ್ಲತೆ ಏರುತ್ತದೆ. ಆರ್‌ಎಲ್ ರಕ್ತಕ್ಕೆ ಹತ್ತಿರ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇಂಥ ಸಮತೋಲನದ ದ್ರವವೇ ಮೇಲು ಎಂದು ಸಲಹೆ ಮಾಡಿದೆ. ಆದರೆ ಐಸಿಯು ರೋಗಿಗಳ ಮೇಲೆ ಬ್ರೆಜಿಲ್‌ನಲ್ಲೂ ಆಸ್ಟ್ರೇಲಿಯಾ–ನ್ಯೂಜಿಲೆಂಡ್‌ನಲ್ಲೂ ನಡೆದ ದೊಡ್ಡ ಅಧ್ಯಯನಗಳಲ್ಲಿ ಸಾವಿನ ಪ್ರಮಾಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಎನ್‌ಎಸ್ ಹಚ್ಚಿದರೆಂದು ಜಗಳ ಬೇಡ. ಯಾವ ರೋಗಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸಬೇಕು.

ಶಕ್ತಿ ಬರುತ್ತದೆಯೇ?

ಎನ್‌ಎಸ್‌ನಲ್ಲಿರುವುದು ನೀರು ಮತ್ತು ಉಪ್ಪು ಮಾತ್ರ. 5% ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲೂ ಇರುವುದು 25 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆಯಷ್ಟೇ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಬೇಡದ ಸಲಾಯಿನ್ ಶ್ವಾಸಕೋಶದಲ್ಲಿ ನೀರು ತುಂಬಿಸಬಹುದು.

ನೆನಪಿಡಿ: ಜ್ವರ ಅಥವಾ ಸೋಂಕಿನ ಜೊತೆ ಏದುಸಿರು, ಗಲಿಬಿಲಿ ಮಾತು, ತಣ್ಣಗಾದ ಕೈಕಾಲು, ಮೂತ್ರ ಕಡಿಮೆಯಾಗುವುದು ಕಂಡರೆ, ಸಲಾಯಿನ್ ಹಚ್ಚಿಸಿ ಮನೆಗೆ ಕರೆತರಬೇಡಿ. 108ಕ್ಕೆ ಕರೆ ಮಾಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸಿ. ದ್ರವದ ಜೊತೆಗೆ ಸರಿಯಾದ ಆ್ಯಂಟಿಬಯೋಟಿಕ್ ಬೇಗ ಸಿಗಬೇಕು. ಇದನ್ನು ನಿಮ್ಮ ಮನೆಯವರ ಗುಂಪಿಗೂ ಕಳಿಸಿ.