ಅಹಿಂಸಾ ವೈದ್ಯದ ಆಚಾರ್ಯ ಶ್ರೀ ಉಗ್ರಾದಿತ್ಯರು

ನೂತನ ಬಸದಿಯ ಪ್ರತಿಷ್ಠಾ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಬಹಳ ಸಂಕೋಚಪಟ್ಟೆನು. ಮ್ಯಾಟ್ರಿಕ್ಕಿನವರೆಗೆ ಮಾತ್ರ ಓದಿ, ಅಣ್ಣಿಗೇರಿಯ ಪೇಟೆಯಲ್ಲಿ ಕಿರಾಣಿ ಮತ್ತು ಗಿಡಮೂಲಿಕೆಗಳ ವ್ಯಾಪಾರದಲ್ಲಿ ಆಯುಷ್ಯವನ್ನು ಕಳೆದವನಿಗೆ ಸಿದ್ಧಾಂತದ ಗಹನ ವಿಷಯಗಳು ನಿಲುಕುವಂಥವಲ್ಲ. ಆದರೆ ಅಳಲೆಕಾಯಿ, ಹಿಪ್ಪಲಿ, ಶುಂಠಿ, ಅಮೃತಬಳ್ಳಿಗಳನ್ನು ಬಾಲ್ಯದಿಂದಲೂ ತೂಗುತ್ತ ಬಂದವನಾದುದರಿಂದ, ನಮ್ಮ ಪರಂಪರೆಯ ಒಬ್ಬ ಮಹಾವೈದ್ಯಾಚಾರ್ಯರ ಚರಿತ್ರವನ್ನು ತಿಳಿದಮಟ್ಟಿಗೆ ನಿವೇದಿಸಬಹುದೆಂದು ಧೈರ್ಯ ತಾಳಿದ್ದೇನೆ. ಆ ಮಹನೀಯರೇ ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಶ್ರೀ ಉಗ್ರಾದಿತ್ಯಾಚಾರ್ಯರು.

ಪೂರ್ವಕಾಲದ ನಮ್ಮ ಮುನಿಗಳು ತಮ್ಮ ಜನ್ಮಸ್ಥಳ, ತಂದೆತಾಯಿಗಳ ಹೆಸರುಗಳನ್ನು ಹೇಳಿಕೊಳ್ಳುವ ಗೋಜಿಗೆ ಹೋದವರಲ್ಲ. ಗುರುವಿನ ಹೆಸರನ್ನು ಮಾತ್ರ ಭಕ್ತಿಯಿಂದ ಸ್ಮರಿಸುತ್ತಿದ್ದರು. ಉಗ್ರಾದಿತ್ಯರ ಗುರುಗಳು ಶ್ರೀನಂದಿ ಮುನಿಗಳು. ವಿಷ್ಣುರಾಜನೆಂಬ ಅರಸನು ಆ ಶ್ರೀನಂದಿಗಳನ್ನು ಗೌರವಿಸಿದ್ದನೆಂದು ಆಚಾರ್ಯರು ಬರೆದಿದ್ದಾರೆ. ಈ ವಿಷ್ಣುರಾಜನು ವೆಂಗಿಯ ಚಾಲುಕ್ಯರ ನಾಲ್ಕನೆಯ ವಿಷ್ಣುವರ್ಧನನಿರಬೇಕೆಂದು, ಅಂದರೆ ಎಂಟನೆಯ ಶತಮಾನದ ಉತ್ತರಾರ್ಧದವನೆಂದು, ಹಲವು ವಿದ್ವಾಂಸರ ಅಭಿಪ್ರಾಯ. ಗ್ರಂಥವನ್ನು ರಚಿಸಿದ ಸ್ಥಳವು ತ್ರಿಕಳಿಂಗ ದೇಶದ ರಾಮಗಿರಿ. ಕೆಲವರು ಅದನ್ನು ನಾಗಪುರದ ಹತ್ತಿರದ ರಾಮಟೇಕವೆಂದರೂ, ವಿಜಯನಗರಂ ಸಮೀಪದ ರಾಮತೀರ್ಥದ ಬೆಟ್ಟವೆಂಬ ಮಾತೇ ಹೆಚ್ಚು ಯುಕ್ತವಾಗಿ ತೋರುತ್ತದೆ. ಆ ಬೆಟ್ಟದ ಗುಹೆಯಲ್ಲಿ ನಮ್ಮ ದೇಶೀಗಣದ ಮುನಿಯೊಬ್ಬರನ್ನು ಹೆಸರಿಸುವ ಹನ್ನೊಂದನೆಯ ಶತಮಾನದ ಕನ್ನಡ ಶಾಸನವೊಂದು ಇಂದಿಗೂ ಇದೆ. ಆಂಧ್ರದ ಆ ದೂರದ ಬೆಟ್ಟಕ್ಕೂ ನಮ್ಮ ಕನ್ನಡನಾಡಿಗೂ ಎಷ್ಟು ಹಳೆಯ ನಂಟೆಂಬುದನ್ನು ವಾಚಕರು ಮನಗಾಣಬೇಕು.

ವೈದ್ಯವು ಶ್ರಾವಕರಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವೇ ಅದರ ಮೂಲ. ಭೋಗಭೂಮಿಯು ಕಳೆದು ರೋಗಗಳು ತಲೆದೋರಿದಾಗ ಭರತ ಚಕ್ರವರ್ತಿಯು ಕೈಲಾಸದಲ್ಲಿ ಆದಿಭಗವಂತನ ಸಮವಸರಣಕ್ಕೆ ಹೋಗಿ ಜನರ ರಕ್ಷಣೆಯ ಉಪಾಯವನ್ನು ಬೇಡಿಕೊಂಡನೆಂಬ ಕಥೆಯಿಂದಲೇ ಉಗ್ರಾದಿತ್ಯರು ಗ್ರಂಥವನ್ನಾರಂಭಿಸಿದ್ದಾರೆ. ತಮಗಿಂತ ಮುಂಚಿನವರನ್ನು ಸ್ಮರಿಸುವುದರಲ್ಲಿ ಅವರು ಕೃಪಣರಲ್ಲ. ಶಾಲಾಕ್ಯಕ್ಕೆ ಪೂಜ್ಯಪಾದರನ್ನು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿಗಳನ್ನು, ವಿಷಚಿಕಿತ್ಸೆಗೆ ಸಿದ್ಧಸೇನರನ್ನು, ಕಾಯಚಿಕಿತ್ಸೆಗೆ ದಶರಥಗುರುಗಳನ್ನು, ಬಾಲರೋಗಗಳಿಗೆ ಮೇಘನಾದರನ್ನು ನೆನೆದು, ಸಮಂತಭದ್ರರು ವಿಸ್ತಾರವಾಗಿ ಹೇಳಿದ ಅಷ್ಟಾಂಗ ವೈದ್ಯವನ್ನು ತಾವು ಸಂಕ್ಷೇಪಿಸುತ್ತಿರುವುದಾಗಿ ವಿನಯದಿಂದ ತಿಳಿಸಿದ್ದಾರೆ. ಅವರು ಹೆಸರಿಸಿದ ಆ ಗ್ರಂಥಗಳಲ್ಲಿ ಬಹುತೇಕ ಎಲ್ಲವೂ ಕಾಲಗರ್ಭದಲ್ಲಿ ಲುಪ್ತವಾಗಿ, ಈ ಒಂದು ಕೃತಿಯು ಮಾತ್ರ ಸಮಗ್ರವಾಗಿ ಉಳಿದುಬಂದದ್ದು ನಮ್ಮ ಪುಣ್ಯ.

ಗ್ರಂಥದಲ್ಲಿ ಇಪ್ಪತ್ತೈದು ಪರಿಚ್ಛೇದಗಳಿವೆ. ಆರೋಗ್ಯರಕ್ಷಣೆ, ಗರ್ಭೋತ್ಪತ್ತಿ, ಧಾನ್ಯಗಳ ಗುಣ, ವಾತಪಿತ್ತಕಫಗಳ ರೋಗಗಳು, ವಿಷಚಿಕಿತ್ಸೆ, ಪಾದರಸದ ಸಂಸ್ಕಾರ ಮೊದಲಾದವೆಲ್ಲ ಅದರಲ್ಲಿ ಅಡಕವಾಗಿವೆ. ಇವು ಉಳಿದ ವೈದ್ಯಗ್ರಂಥಗಳಲ್ಲಿಯೂ ಇರುವಂಥವೇ. ಆದರೆ ಮದ್ಯ, ಮಾಂಸ, ಮಧು ಇವು ಮೂರನ್ನೂ ವರ್ಜಿಸಿ, ಗಿಡಬಳ್ಳಿಗಳಿಂದಲೂ ಖನಿಜಗಳಿಂದಲೂ ಚಿಕಿತ್ಸೆಯನ್ನು ಹೇಳಿರುವುದು ಇದರ ವೈಶಿಷ್ಟ್ಯವಾಗಿದೆ. ಔಷಧಿಗೆ ಅನುಪಾನವೆಂದರೆ ಜೇನುತುಪ್ಪವೆಂಬುದು ಇಂದಿಗೂ ರೂಢಿ. ನಮ್ಮ ಅಂಗಡಿಗೆ ಬರುವ ಗಿರಾಕಿಗಳು ಜೇನನ್ನು ಕೇಳಿ, ಇಲ್ಲವೆಂದಾಗ ಆಶ್ಚರ್ಯಪಡುತ್ತಾರೆ. ಸಾವಿರದ ಇನ್ನೂರು ವರ್ಷಗಳ ಹಿಂದೆ ಅದನ್ನು ಬಿಟ್ಟು ವೈದ್ಯಶಾಸ್ತ್ರವನ್ನು ಕಟ್ಟುವುದು ಎಷ್ಟು ಸಾಹಸದ ಕಾರ್ಯವೆಂಬುದನ್ನು ವ್ಯಾಪಾರಿಯಾದ ನಾನು ಊಹಿಸಬಲ್ಲೆನು. ಮುಂದೆ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದಾಗಲೂ ಇದೇ ನಿಯಮವನ್ನು ಪಾಲಿಸಿದನು.

ಆಚಾರ್ಯರ ಜೀವನದ ಮಹತ್ವದ ಘಟನೆಯು ನಡೆದದ್ದು ಮಾನ್ಯಖೇಟದಲ್ಲಿ. ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡದಲ್ಲಿ. ಆಗ ಅಲ್ಲಿ ಆಳುತ್ತಿದ್ದವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು. ಕ್ರಿ.ಶ. 814ರಿಂದ 878ರವರೆಗೆ ಆಳಿದ ಈತನು ಭಗವಜ್ಜಿನಸೇನಾಚಾರ್ಯರ ಪಾದಸೇವಕನು. ಈ ಅರಸನು ನಮ್ಮ ಭಾಗಕ್ಕೆ ಅಪರಿಚಿತನಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಹೇಳುವ ಪುಲಿಗೆರೆ, ಕಿಸುವೊಳಲ್, ಕೊಪಣ, ಒಕ್ಕುಂದಗಳ ನಡುವಿನ ಭೂಮಿ ನಮ್ಮದೇ. ನವಲಗುಂದ ತಾಲೂಕಿನ ಶಿರೂರಿನಲ್ಲಿ ದೊರೆತ ಕ್ರಿ.ಶ. 866ರ ಶಾಸನವು, ಆತನ ಅಧಿಕಾರಿಯಾದ ದೇವಣ್ಣಯ್ಯನು ಅಣ್ಣಿಗೇರಿಯಲ್ಲಿದ್ದುಕೊಂಡು ಬೆಳ್ವೊಲ ಮುನ್ನೂರನ್ನು ಆಳುತ್ತಿದ್ದನೆಂದು ತಿಳಿಸುತ್ತದೆ. ಪ್ರಜೆಗಳಿಗೆ ಒದಗಿದ ಉತ್ಪಾತದ ಶಾಂತಿಗಾಗಿ ಈ ಅರಸನು ತನ್ನ ಕೈಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಸಂಜಾನದ ತಾಮ್ರಪಟವು ಹೇಳುತ್ತದೆ. ಅದು ನಮ್ಮ ಮತಕ್ಕೆ ಸಮ್ಮತವಾದ ಆಚಾರವೆಂದು ನಾನು ಹೇಳಲಾರೆ. ಆದರೆ ಪಶುಬಲಿಯು ಸುಲಭವಾಗಿದ್ದ ಕಾಲದಲ್ಲಿ ತನ್ನ ದೇಹವನ್ನೇ ಮುಂದೊಡ್ಡಿದ ಅರಸನ ಸಭೆಯಲ್ಲಿಯೇ ಉಗ್ರಾದಿತ್ಯರ ವಾದಕ್ಕೆ ಅವಕಾಶ ದೊರೆತದ್ದು ನನಗೆ ಉಚಿತವಾಗಿ ತೋರುತ್ತದೆ.

ಆ ಸಭೆಯಲ್ಲಿ ನಾನಾ ಶಾಸ್ತ್ರಗಳ ವಿದ್ವಾಂಸರೂ ಮಾಂಸಪಕ್ಷಪಾತಿಗಳಾದ ವೈದ್ಯರೂ ನೆರೆದಿದ್ದರು. ಅವರ ಪಕ್ಷವು ದುರ್ಬಲವಾಗಿರಲಿಲ್ಲ. ಕ್ಷಯದಿಂದ ಕೃಶನಾದವನಿಗೆ ಮಾಂಸರಸವನ್ನು ಕೊಡಬೇಕೆಂದು ಚರಕಸಂಹಿತೆಯೇ ವಿಧಿಸಿರುವಾಗ, ಅದನ್ನು ಅಲ್ಲಗಳೆಯುವವನು ರೋಗಿಯ ಪ್ರಾಣಕ್ಕೆ ಎರವಾಗುತ್ತಾನೆಂಬ ಆಕ್ಷೇಪವು ಸಹಜವಾಗಿಯೇ ಏಳುತ್ತದೆ. ಉಗ್ರಾದಿತ್ಯರು ಕೇವಲ ಪಾಪಪುಣ್ಯಗಳ ಮಾತನ್ನು ಹೇಳಿ ಸುಮ್ಮನಾಗಲಿಲ್ಲ. ವೈದ್ಯರೊಡನೆ ವೈದ್ಯರಾಗಿಯೇ ನಿಂತು, ಔಷಧವಾಗಿ ಮಾಂಸವು ನಿಷ್ಫಲವೆಂಬುದನ್ನು ಆ ಶಾಸ್ತ್ರದ ಯುಕ್ತಿಗಳಿಂದಲೇ ನಿರೂಪಿಸಿದರು. ಆ ವಾದವೇ ಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂಬ ಹೆಸರಿನಿಂದ ಸೇರಿದೆ. ದಯೆಯನ್ನು ಬೇಡುವುದು ಬೇರೆ, ಹಿಂಸೆಯಿಂದ ಪ್ರಯೋಜನವಿಲ್ಲವೆಂದು ಸಾಧಿಸುವುದು ಬೇರೆ. ಎರಡನೆಯದು ಕಷ್ಟ, ಅದನ್ನು ಅವರು ಆರಿಸಿಕೊಂಡರು.

ಇಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ಹೇಳಲು ವಾಚಕರು ಅನುಮತಿಸಬೇಕು. ನಾನು ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ತಾಯಿಯವರಿಗೆ ಮಧುಮೇಹವು ಬಲಿತು, ಇನ್ಸುಲಿನ್ ಚುಚ್ಚುಮದ್ದು ಅನಿವಾರ್ಯವಾಯಿತು. ಅದು ಯಾವುದರಿಂದ ತಯಾರಾಗುತ್ತದೆಂದು ಅವರು ಡಾಕ್ಟರರನ್ನು ಕೇಳಿದರು. ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಎಂಬ ಉತ್ತರವನ್ನು ಕೇಳಿ ಎರಡು ದಿನ ಚುಚ್ಚಿಸಿಕೊಳ್ಳಲಿಲ್ಲ. ಮೂರನೆಯ ದಿನ ತಂದೆಯವರು ಮಕ್ಕಳಾದ ನಮ್ಮನ್ನು ಮುಂದೆ ನಿಲ್ಲಿಸಿ ಒಪ್ಪಿಸಿದರು. ತಾಯಿಯವರು ಅಂದಿನಿಂದ ತುಪ್ಪವನ್ನು ತ್ಯಜಿಸಿದರು. ಸೂಕ್ಷ್ಮಜೀವಿಗಳಿಂದ ಮಾನವ ಇನ್ಸುಲಿನ್ನನ್ನೇ ತಯಾರಿಸುವ ವಿಧಾನವನ್ನು ವಿಜ್ಞಾನಿಗಳು ಕಂಡುಹಿಡಿದು, 1982ರಲ್ಲಿ ಅಮೇರಿಕೆಯಲ್ಲಿ ಅದಕ್ಕೆ ಅನುಮತಿ ದೊರೆತಿತ್ತು. ನಮ್ಮ ಊರಿಗೆ ಅದು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಬಂದ ದಿನ ತಂದೆಯವರು ಆ ಸೀಸೆಯನ್ನು ದೇವರ ಕೋಣೆಯ ಬಾಗಿಲವರೆಗೂ ಒಯ್ದು ತೋರಿಸಿದರು. ತಾಯಿಯವರು ಸಮಾಧಾನಗೊಂಡರಾದರೂ ತುಪ್ಪವನ್ನು ಮತ್ತೆ ಮುಟ್ಟಲಿಲ್ಲ.

ಉಗ್ರಾದಿತ್ಯರ ಕಾಲದಲ್ಲಿ ಇಂದಿನಂತೆ ಇಲಿ, ಮೊಲ, ನಾಯಿಗಳ ಮೇಲೆ ಔಷಧಿಗಳನ್ನು ಪರೀಕ್ಷಿಸುವ ಪದ್ಧತಿ ಇರಲಿಲ್ಲ. ಸುಶ್ರುತನಂತೂ ಶಿಷ್ಯರು ಛೇದನವನ್ನು ಕುಂಬಳ, ಸೋರೆ, ಕಲ್ಲಂಗಡಿಗಳ ಮೇಲೆ ಅಭ್ಯಾಸ ಮಾಡಬೇಕೆಂದೂ, ಶರೀರರಚನೆಯನ್ನು ಮೃತ ಮಾನವದೇಹದಲ್ಲಿಯೇ ನೋಡಿ ಅರಿಯಬೇಕೆಂದೂ ವಿಧಿಸಿದ್ದಾನೆ. ಮನುಷ್ಯನ ರೋಗವನ್ನು ಮನುಷ್ಯನಲ್ಲಿಯೇ ಅರಿಯಬೇಕೆಂಬ ಈ ಹಳೆಯ ವಿಚಾರಕ್ಕೆ ಪಶ್ಚಿಮದ ವಿಜ್ಞಾನಿಗಳು ಈಗ ಬೇರೊಂದು ದಾರಿಯಿಂದ ಬಂದಿದ್ದಾರೆ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಪ್ರಾಣಿಗಳಿಗೆ ಬದಲಾಗಿ ಬೇರೆ ಸಾಧನವನ್ನು ಬಳಸುವುದು, ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆ ಮಾಡುವುದು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟರು. ಇಂದು ಮಾನವ ಜೀವಕೋಶಗಳಿಂದ ಪ್ರಯೋಗಶಾಲೆಯಲ್ಲಿ ಬೆಳೆಸಿದ ಚರ್ಮದ ಮೇಲೆಯೇ ಉರಿತುರಿಕೆಗಳನ್ನು ಪರೀಕ್ಷಿಸುತ್ತಾರೆ. ಯಕೃತ್ತು, ಶ್ವಾಸಕೋಶಗಳ ಜೀವಕೋಶಗಳನ್ನು ಬೆರಳಗಲದ ಚಿಪ್ಪಿನಲ್ಲಿ ಬೆಳೆಸಿ ಔಷಧಿಯ ಪರಿಣಾಮವನ್ನು ನೋಡುತ್ತಾರೆ. ಪ್ರಾಣಿಗಳಲ್ಲಿ ಪರೀಕ್ಷೆಗೊಂಡು ಮಾನವರ ಪ್ರಯೋಗಕ್ಕೆ ಬಂದ ಔಷಧಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಅಲ್ಲಿಂದ ಮುಂದೆ ಸಾಗುವುದಿಲ್ಲವೆಂಬ ಲೆಕ್ಕವು ಅವರನ್ನು ಈ ಕಡೆಗೆ ತಿರುಗಿಸಿದೆ. ಅಂದರೆ ಅವರ ಮಾತೂ ಕೇವಲ ದಯೆಯ ಮಾತಲ್ಲ; ಬಹುಮಟ್ಟಿಗೆ ಪ್ರಯೋಜನದ ಮಾತೇ. ಮಾನ್ಯಖೇಟದ ಸಭೆಯು ನನಗೆ ನೆನಪಾಗುವುದು ಇಲ್ಲಿಯೇ.

ನಮ್ಮ ದೇಶವು 2014ರಲ್ಲಿ ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಹಾಗೆ ಪರೀಕ್ಷಿಸಿದ ಸರಕಿನ ಆಮದನ್ನೂ ಅದೇ ವರ್ಷ ತಡೆಯಿತು. 2023ರಲ್ಲಿ ಹೊಸ ಔಷಧಿಗಳ ನಿಯಮಗಳನ್ನು ತಿದ್ದಿ, ಪ್ರಾಣಿರಹಿತ ವಿಧಾನಗಳಿಗೂ ಮನ್ನಣೆಯನ್ನು ಕೊಟ್ಟಿದೆ. ಆದರೂ ಕಾರ್ಯವು ಮುಗಿದಿಲ್ಲ. ಇಡೀ ದೇಹದಲ್ಲಿ ಔಷಧಿಯು ಹೇಗೆ ವರ್ತಿಸುವುದೆಂಬುದನ್ನು ಚಿಪ್ಪು ಇನ್ನೂ ಪೂರ್ಣವಾಗಿ ಹೇಳಲಾರದು. ನಮ್ಮ ಮಕ್ಕಳು ನುಂಗುವ ಮಾತ್ರೆಗಳ ಹಿಂದೆ ಇಲಿಮೊಲಗಳ ಪ್ರಾಣವು ಇಂದಿಗೂ ಇದ್ದೇ ಇದೆ. ನಮ್ಮ ಸಮಾಜದಲ್ಲಿ ಔಷಧ ವ್ಯಾಪಾರಿಗಳೂ, ಅದೇ ಶಾಸ್ತ್ರವನ್ನು ಓದುತ್ತಿರುವ ತರುಣ ತರುಣಿಯರೂ ಬಹಳ ಜನರಿದ್ದಾರೆ. ಪಿಂಜರಾಪೋಳಕ್ಕೆ ಧಾರಾಳವಾಗಿ ಕೊಡುವ ನಾವು ಇಂಥ ಸಂಶೋಧನೆ ಮಾಡುವ ಒಬ್ಬ ಬಡ ವಿದ್ಯಾರ್ಥಿಗೆ ಫೀ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಕೊಡದವರಲ್ಲಿ ನಾನೂ ಒಬ್ಬನು.

ಉಗ್ರಾದಿತ್ಯರು ಎಲ್ಲಿ ಸಮಾಧಿ ಹೊಂದಿದರೆಂಬುದನ್ನು ಅವರ ಶಿಷ್ಯರಾರೂ ಬರೆದಿಡಲಿಲ್ಲ. ಅವರ ಗ್ರಂಥವು ತಾಳೆಯೋಲೆಗಳಲ್ಲಿ ಉಳಿದು, ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ 1940ರಲ್ಲಿ ಸೊಲ್ಲಾಪುರದಲ್ಲಿ ಮುದ್ರಣಗೊಂಡಿತು. ಅದರ ಒಂದು ಪ್ರತಿಯು ನಮ್ಮ ಅಜ್ಜನವರ ಕಾಲದಿಂದ ಅಂಗಡಿಯ ಗಲ್ಲೆಯ ಹಿಂದಿನ ಮಾಡದಲ್ಲಿದೆ. ಅಂಚುಗಳು ಪುಡಿಯಾಗುತ್ತಿದ್ದರೂ ಹಿತಾಹಿತಾಧ್ಯಾಯದ ಪುಟಗಳು ಇನ್ನೂ ಓದುವಂತಿವೆ. ಅದನ್ನು ಹೊಸ ಬಸದಿಯ ಗ್ರಂಥಭಂಡಾರಕ್ಕೆ ಒಪ್ಪಿಸಬೇಕೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದ್ದೇವೆ.